ಕಾಲಂ ಏಳು

ಕೊಪ್ಪಳದ ನಮ್ಮ ಕಾಲೇಜಿನ
ವರ್ಷದ ವರದಿ ಟೈಪು ಮಾಡುವವಳು ನಾನು.
ಫ್ಯಾನಿಗೆ ಹಾರದಂತೆ ಹಾಳೆಗಳ ಮೇಲೆ
ಯಾವುದೋ ಊರಿನ ಬೋರಿನ ನೀರು, ಬಾಟಲಿಯಲ್ಲಿ.

ಪ್ರಬಂಧ ಹನ್ನೊಂದು. ಶಿಬಿರ ನಲವತ್ತು.
ಸಚಿವರ ಕೈಯಿಂದ ಫಲಕ, ಒಂದು.
ಕಾಲಂ ಏಳು: ಸಮುದಾಯದ ಮೇಲಾದ ಪರಿಣಾಮ
(ಅಂಕಿಯಲ್ಲಿ ಮಾತ್ರ ಬರೆಯತಕ್ಕದ್ದು).

ಖಾಜಾಬನಿ ಎರಡು ಬೇಸಿಗೆ
ಕುಷ್ಟಗಿ ಬಸ್ಸಿನ ಕೊನೇ ಸೀಟಲ್ಲಿ ಹೋಗಿ
ಮಕ್ಕಳ ಬಾಯಿ ತೆರೆಸಿ
ಕಂದು ಬಿದ್ದ ಹಲ್ಲು ಎಣಿಸಿದಳು.
ಮೂರು ಪಂಪಿಗೆ ಕೆಂಪು ಬಣ್ಣ ತಾನೇ ಬಳಿದಳು.
‘ನಮ್ಮಪ್ಪ ಹೊಡಿಸಿದ ಬೋರದು’ ಎಂದು
ಮಧ್ಯಾಹ್ನವೆಲ್ಲ ಬೈದ ಯಂಕೋಬ
ಸಂಜೆ ಅವಳ ಚಪ್ಪಲಿಗಂಟಿದ ಬಣ್ಣ
ಸೀಮೆಎಣ್ಣೆಯಲ್ಲಿ ಒರೆಸಿಕೊಟ್ಟನಂತೆ.

ಏಳು ವರ್ಷವಾಯಿತು.
ಅವಳ ಥೀಸಿಸ್ಸನ್ನು ಕಪಾಟಿನಿಂದ
ಯಾರೂ ತೆಗೆದಿಲ್ಲ, ಗೆದ್ದಲ ಔಷಧಿ ಹೊಡೆಯುವಾಗ ಬಿಟ್ಟರೆ.

ಇವತ್ತು ಫೋನು. ಹೆಂಗಸು.
‘ಆ ಹಲ್ಲಿನ ಹುಡುಗಿ ಅದಾಳೇನ್ರಿ?
ಇಲ್ಲೇನು? ಹೋಗ್ಲಿ, ನೀವರ ಹೇಳ್ರಿ ಆಕಿಗೆ,
ನನ್ ಮೊಮ್ಮಗಗ ಬಿದ್ದ ಹಲ್ಲು ಹುಟ್ಟ್ಯಾವ,
ಬೆಳ್ಳಗ. ಹಾಲುಗಾಳಿನ ಜ್ವಾಳದಂಗ.’

ಎಷ್ಟು ಹಲ್ಲು, ಎಂದೆ.
‘ತಡೀರಿ. ಏ ಬಸ್ಯಾ, ಬಾಯಿ ತಗಿಯೋ...’

ಆ ಕಡೆ ಎಣಿಕೆ ನಡೆದಿದೆ.
ಏಳನೇ ಕಾಲಮ್ಮಿನಲ್ಲಿ ಕರ್ಸರ್ ಮಿಣುಕುತ್ತಿದೆ.