ಅರ್ಧ ತುರಪಾಯಿ

ಅವ್ವ ಹೋದದ್ದು ಮೇ ತಿಂಗಳ ನಡುಹಗಲು.
ತಮ್ಮನ ಲಾರಿ ಇನ್ನೂ ಧುಳೆ ದಾಟಿರಲಿಲ್ಲ.
ವಿಜಾಪುರದ ಬಿಸಲಿಗೆ ಹಂಚಿನಂಗ ಕಾದ ಗೋಡಿಯೊಳಗ
ಮೈ ನಾಳೆತನಕ ತಡೀತದೇನು ಅಂತ
ಕಾಕಾ ಕೇಳಲಿಲ್ಲ, ಫ್ಯಾನಿನ ಕಡೆ ನೋಡಿದ.

ದವಾಖಾನಿಯ ತಂಪು ಪೆಟ್ಟಿಗಿ ಕೆಟ್ಟಿತ್ತು.
ಉಳಿದದ್ದು ಒಂದ, ಮಸೂತಿ ಕಮಿಟಿಯದು.
ಹೋದ ತಿಂಗಳ ಶಾಂತಿ ಸಭೆಯೊಳಗ
ದೇವರೊಬ್ಬನೇ ಅಂದವರೆಲ್ಲ ನಮ್ಮ ಕಟ್ಟಿಮ್ಯಾಲೇ ಕೂತಿದ್ದರು.
ಆ ದಿನ ಚಹಾ ಇತ್ತು, ಎರಡೆರಡು ಬಿಸ್ಕೀಟು.
ಯಾರೂ ಫೋನ್ ಹಚ್ಚಲಿಲ್ಲ.
ನಾನು ಹಚ್ಚಿದೆ.

ರಾಜೇಸಾಬ ಬಂದ, ಟಂಟಂನ್ಯಾಗ ಪೆಟ್ಟಿಗಿ ಹೇರಿಕೊಂಡು.
ಯಾವ ಮಂದಿ, ಏನು, ಕೇಳಲಿಲ್ಲ. ಕೇಳಿದ್ದು:
"ಹದಿನೈದು ಆಂಪಿನ ಪಾಯಿಂಟ್ ಎಲ್ಲೈತ್ರಿ ಅಕ್ಕಾ?"
ದೇವರ ಜಗಲಿ ಹಿಂದಿತ್ತು, ಮಿಕ್ಸರಿಗಂತ ಹಾಕಿಸಿದ್ದು.
ವಿಠ್ಠಲನ್ನ ಒಂದು ಗೇಣು ಸರಿಸಿದೆ.
ನಡದ ಮ್ಯಾಲಿನ ಕೈ ತಗೀದನ ಸರದ.

ಪೆಟ್ಟಿಗಿ ಮ್ಯಾಲೊಂದು ಹಸರು ಗಲೀಫ.
ಅದನ್ನ ತಗಿ, ಅಂದ ಕಾಕಾ, ಸಣ್ಣ ದನಿಯೊಳಗ.
ತಗಿಯಾಕ ಹೋದೆ, ಅಂಚು ಕೈಗೆ ಬಂತು:
ಅರ್ಧ ಕೈಹೊಲಿಗಿ, ಅಕ್ಕಿಕಾಳು ಸಾಲಿಟ್ಟಂಗ,
ಅಲ್ಲಿಂದಾಚೆ ಮಶೀನಿನ ಒರಟು ಗೆರಿ.
ಎಡಚಿಯ ತುರಪಾಯಿ, ಎಡಕ್ಕ ವಾಲಿದ್ದು.
ಈ ಊರಾಗ ಹಂಗ ಹೊಲಿಯೋಕಿ ಒಬ್ಬಾಕಿ.
ಒಳಗ ಮಲಗಿದ್ದಳು.

ಎರಡು ವರ್ಷದ ಹಿಂದ
ಯಾರೋ ಮೊಬೈಲಿನಾಗ ಏನೋ ತೋರಿಸಿದರು ಅವ್ವಗ.
ಮೂವತ್ತು ವರ್ಷ ದರ್ಗಾಕ ಹೊಲಿದ ಕೈ
ಸೂಜಿ ಅಲ್ಲೇ ಸಿಗಿಸಿ ಬಟ್ಟಿ ತಿರುಗಿ ಕಳಿಸಿತು.
ಪಂಢರಪುರಕ್ಕ ಹದಿನಾಲ್ಕು ಸಲ ನಡದ ಕಾಲು
ಆ ಓಣಿ ತುಳಿಯೋದು ಬಿಟ್ಟಿತು.
ಬಳಿಗಾರ ಜೈತುನಬಿ ಕೂಗಿದರ
"ಮನ್ಯಾಗಿಲ್ಲ ಅನ್ನು" ಅಂತಿದ್ದಳು, ಮನ್ಯಾಗಿಂದನ.
ಅವ್ವನ ಭಕ್ತಿ ಸುಳ್ಳಲ್ಲ.
ಇದೂ ಸುಳ್ಳಲ್ಲ.

ಗಲೀಫ ತಗೀಲಿಲ್ಲ ನಾನು. ಯಾಕಂತ ಕಾಕಾಗ ಹೇಳಲೂ ಇಲ್ಲ.

ರಾತ್ರಿ ಎರಡಕ್ಕ ಕರೆಂಟ್ ಹೋತು.
ರಾಜೇಸಾಬ ಮೀನು ಮಾರ್ಕೆಟ್ಟಿನಿಂದ ಬರ್ಫ ತಂದ,
ಗೋಣಿಚೀಲದಾಗ, ಹೆಗಲೆಲ್ಲ ತೋಯ್ದು,
ಹೊಸ್ತಿಲ ಹೊರಗ ನಿಂತ.
ಒಳಗ ಬಾ ಅನ್ನಾಕ ನನಗ
ನಾಲ್ಕು ಉಸಿರು ಹಿಡಿದವು.
ಎಣಿಸೀನಿ.

ಎಲ್ಲಾ ಮುಗದು ಇವತ್ತಿಗೆ ಮೂರು ದಿನ.
ಬರ್ಫದ ನೀರು ಕುಡದು ನಾರತಿತ್ತು ಗಲೀಫ.
ಒಗದು ಮಾಳಗಿ ಮ್ಯಾಲೆ ಹರವೀನಿ.
ಕೆಳಗ ಹುಡುಗರು ತಲಿ ಎತ್ತಿ ನಿಂತಾರ.
ಒಬ್ಬ ಫೋಟೋ ಹೊಡದ.
"ಯಾರ ಬಾವುಟರೀ ಅದು, ಅಕ್ಕಾ?"

ಹಸಿ ಐತಿ ಇನ್ನೂ.
ಒಣಗಲಿ.