ಒಂದು ಮೊಳ

ಬೆಳಗಿನ ಜಾವ ನಾಲ್ಕಕ್ಕೆ ನೂರ್ಮೆಸ್ ಊರಿನ ದಾರಿಗಳೆಲ್ಲ ನನ್ನವು.
ಹಿಂದೆ ತೊಟ್ಟಿ ತುಂಬ ಜಲ್ಲಿಪುಡಿ, ನೆತ್ತಿಯ ಮೇಲೆ ಸುತ್ತುವ ಹಳದಿ ದೀಪ,
ಪಕ್ಕದ ಸೀಟಲ್ಲಿ ಫ್ಲಾಸ್ಕು, ರೈ ರೊಟ್ಟಿ, ಒಂದೇ ಕೈಗವಸು.
ಇನ್ನೊಂದು ಮೊನ್ನೆ ಎಲ್ಲೋ ಬಿತ್ತು.

ಹಿಮ ಬಿದ್ದರೆ ಭಯವಿಲ್ಲ.
ಭಯ, ಬೀಳದ ದಿನಗಳದ್ದು:
ಹಗಲು ತೊಟ್ಟಿಕ್ಕಿ, ಇರುಳು ಹೆಪ್ಪುಗಟ್ಟಿ, ದಾರಿಯೇ ಗಾಜಾಗಿ
ಬೀದಿದೀಪ ಬಗ್ಗಿ ಮುಖ ನೋಡಿಕೊಳ್ಳುವ ನವೆಂಬರಿನದು.
ಆಸ್ಪತ್ರೆಯವರು ಅದನ್ನು ಸೊಂಟದ ತಿಂಗಳು ಅನ್ನುತ್ತಾರೆ.

ಅದಕ್ಕೇ ಎರಚುತ್ತೇನೆ.

ಐದೂವರೆಗೆ ಓಸ್ಮೊ ಹೊರಡುತ್ತಾನೆ, ಎದೆಯಲ್ಲಿ ಎರಡು ಸ್ಟೆಂಟು,
ಕೈಯಲ್ಲಿ ಎರಡು ಕೋಲು, ಟಕ್ ಟಕ್ ಟಕ್.
ಡಾಕ್ಟರಮ್ಮ ಹೇಳಿದ್ದು ನಾಲ್ಕು ಕಿಲೋಮೀಟರು.
ಇವನು ನಡೆಯುವುದು ಮೂರೂವರೆ,
ಬೇಕರಿ ಅಡ್ಡ ಬರುತ್ತದೆ.
ಆಮೇಲೆ ಶಿಶುವಿಹಾರದ ಮಕ್ಕಳು, ಒಂದೇ ಹಗ್ಗ ಹಿಡಿದು,
ಮೂಗು ಸುರಿಸುತ್ತ, ಹೊಳೆಯುವ ಅಂಗಿ ತೊಟ್ಟ ಇರುವೆಸಾಲು.
ಹಸುಗೂಸುಗಳು ಮಧ್ಯಾಹ್ನ ಅಂಗಳದ ತಳ್ಳುಗಾಡಿಯಲ್ಲೇ ನಿದ್ದೆ,
ಮೈನಸ್ ಎಂಟರಲ್ಲಿ, ಕೆನ್ನೆ ಮಾತ್ರ ಹೊರಗೆ.

ಹಿಲ್ಕ್ಕಾ ಬಂದದ್ದು ಲಾರಿಗೇ ಅಡ್ಡ.
ಎಪ್ಪತ್ತೊಂಬತ್ತು ವರ್ಷ. ಜೊತೆಗೆ ಅವಳ ಒದೆಬಂಡಿ:
ಎರಡು ಉಕ್ಕಿನ ಪಟ್ಟಿ, ಮುಂದೊಂದು ಮರದ ಕುರ್ಚಿ, ಕುರ್ಚಿಯಲ್ಲಿ ಆಲೂಗಡ್ಡೆ ಚೀಲ.
ಒಂದು ಕಾಲು ಪಟ್ಟಿಯ ಮೇಲೆ, ಇನ್ನೊಂದರಿಂದ ನೆಲಕ್ಕೆ ಒದೆ,
ಹೊರಟಿತು ಬಂಡಿ.
ನನ್ನ ಜಲ್ಲಿಯ ಮೇಲೆ ಮಾತ್ರ ಹೊರಡುವುದಿಲ್ಲ,
ತುತ್ತಿನಲ್ಲಿ ಕಲ್ಲು ಸಿಕ್ಕಂತೆ ಕಿರ್ರ್ ಎಂದು ನಿಲ್ಲುತ್ತದೆ.

"ಯಾರೂ ಬೀಳದಿರಲಿ ಅಂತ ಎರಚುವುದು" ಅಂದೆ.
"ಬೀಳುವವರು ನಡೆಯುವವರು. ನಾನು ಜಾರುವವಳು."
ಆಮೇಲೆ ಸ್ವಲ್ಪ ತಗ್ಗಿ:
"ಬೇಸಿಗೆಯಲ್ಲಿ ನಾನು ಮುದುಕಿ, ಕಣಪ್ಪ.
ಈ ಮಂಡಿ ಎರಡು ಬೀದಿ ದಾಟಿಸುವುದಿಲ್ಲ.
ನೆಲ ಹೆಪ್ಪುಗಟ್ಟಿದರೆ ಸರೋವರದ ತನಕ, ತಂಗಿಯ ಮನೆ ತನಕ.
ಒಂಬತ್ತು ಕಿಲೋಮೀಟರು.
ವರ್ಷವಿಡೀ ಕಾದದ್ದು ಇದಕ್ಕೆ. ನೀನು ಬಂದು ಕಲ್ಲು ಹಾಕುತ್ತೀ."

ಕಚೇರಿಯಲ್ಲಿ ಕೇಳಿದೆ.
ಅಂಚಿನಿಂದ ಅಂಚಿಗೆ, ಅಂದ ಯಾರ್ಮೊ, ಪರದೆಯಿಂದ ತಲೆ ಎತ್ತದೆ.

ಆ ರಾತ್ರಿ ಎರಚುತಟ್ಟೆಯ ಬಲಕ್ಕೆ ಬೇಲಿತಂತಿಯಲ್ಲಿ ಒಂದು ತಗಡು ಬಿಗಿದೆ.
ದಾರಿಯುದ್ದಕ್ಕೂ ಒಂದು ಮೊಳ ಬಿಟ್ಟುಕೊಂಡು ಹೋದೆ,
ಶಾಲೆಬೀದಿಯಿಂದ ದೋಣಿಕಟ್ಟೆಯ ತನಕ,
ಸೀರೆಗೆ ಅಂಚು ಬಿಟ್ಟಂತೆ, ಬೋಳಾಗಿ, ಹೊಳೆಯುತ್ತ.

ಮರುದಿನ ಅಲ್ಲಿ ಎರಡು ಗೀರು.
ನಡುನಡುವೆ ಒಂದೇ ಪಾದದ ಗುರುತು, ಒಂದಕ್ಕೊಂದು ಎಷ್ಟು ದೂರ!
ಹಾರು ಹೊಡೆದಿದ್ದಾಳೆ ಮುದುಕಿ.
ವಾರ ಕಳೆಯುವಷ್ಟರಲ್ಲಿ ನಾಲ್ಕು ಗೀರು, ಆಮೇಲೆ ಎಣಿಸಲಾಗದಷ್ಟು.
ಯಾರ ಯಾರ ಕೊಟ್ಟಿಗೆಯಿಂದ ಯಾವ ತುಕ್ಕು ಬಂಡಿ ಹೊರಬಂತೋ.
ಓಸ್ಮೊ ಆ ಮೊಳದ ಮೇಲೆ ಕಾಲಿಟ್ಟು, ಕೋಲಿನಿಂದ ಉಳಿದುಕೊಂಡು,
ನನ್ನ ತಾಯಿಯ ತನಕ ಹೋಗಿ ಬೈದ. ನ್ಯಾಯವೇ.
ತಗಡು ಬಿಚ್ಚಲಿಲ್ಲ. ಈಗಲೂ ಅವನಿದ್ದಲ್ಲಿ ವೇಗ ತಗ್ಗಿಸುತ್ತೇನೆ,
ಅದರಿಂದ ಏನಾಗುತ್ತದೆಯೋ ಗೊತ್ತಿಲ್ಲ.

ಇವತ್ತು ಮೈನಸ್ ಹದಿನಾಲ್ಕು.
ದೋಣಿಕಟ್ಟೆಯ ತುದಿಗಂಬಕ್ಕೆ ಏನೋ ಸಿಕ್ಕಿಸಿದೆ, ದೀಪ ತಿರುಗಿಸಿದೆ:
ನನ್ನ ಕೈಗವಸು.
ಲಾರಿ ಹೋಗದ ಕಡೆ, ಬೇಕೆಂದೇ.

ಇಪ್ಪತ್ತಾರು ಚಳಿಗಾಲ ಊರನ್ನೆಲ್ಲ ನಡೆಸಿದವನು ನಾನು,
ಹೊಟ್ಟೆಯೂ ಸ್ಟೀರಿಂಗೂ ಈಗ ಒಂದೇ ಮನೆಯವರು.
ಎಂಜಿನ್ ಆರಿಸದೆ ಇಳಿದೆ.
ಮೂಗಿನ ಕೂದಲು ಮೊದಲ ಉಸಿರಿಗೇ ಮುಳ್ಳು.
ಕಟ್ಟೆಯ ಮೇಲೆ ಒಂದು ಕಾಳು ಜಲ್ಲಿ ಇಲ್ಲ.

ಮೊದಲ ಹೆಜ್ಜೆ ತಾನೇ ಜಾರಿತು.
ಎರಡನೆಯದನ್ನು ನಾನು ಜಾರಿಸಿದೆ.