ಇನ್ನೂರ ಹನ್ನೆರಡನೆಯ ಪುಟ

ಒಂದೇ ವಾರದಲ್ಲಿ ಬಂದವು
ಒಂದೇ ಕಾದಂಬರಿಯ ಎರಡು ಪ್ರತಿ
ಮಂಡಿ ಮೊಹಲ್ಲಾದ ನನ್ನ ಅಂಗಡಿಗೆ,
ಅಪ್ಪ ಹೋದ ಮೇಲೆ ನನ್ನದಾದರೂ
ಬೋರ್ಡಿನಲ್ಲಿ ಇನ್ನೂ ‘ಅಂಡ್ ಸನ್ಸ್’ ಎಂದೇ ಇರುವ ಅಂಗಡಿಗೆ.

ಯಾದವಗಿರಿಯ ಬಂಗಲೆಯದು
ಕಾರಿನ ಹಿಂದಿನ ಸೀಟಿನಲ್ಲಿ ಒಂದೇ ಕೂತು ಬಂತು.
ಕರಿ ಚರ್ಮದ ರಟ್ಟು, ಚಿನ್ನದ ಅಕ್ಷರ,
ಬೆನ್ನಿಗೆ ಮಾತ್ರ ಗೆದ್ದಲು.
ಇನ್ನೊಂದು ಗಿರಣಿ ಕಾರ್ಮಿಕರ ವಾಚನಾಲಯದ್ದು.
ಗಿರಣಿ ಮುಚ್ಚಿ ಮೂವತ್ತು ವರ್ಷ;
ವಾಚನಾಲಯ ಮುಚ್ಚಲು ಯಾರಿಗೂ ನೆನಪಾಗಿಲ್ಲ.
ಕಾರ್ಯದರ್ಶಿ ಮರಿದೇವಯ್ಯ ತಂದರು,
ಸಂತೆಯಿಂದ ಕೋಳಿ ತರುವ ಹಾಗೆ
ದಾರ ಕಟ್ಟಿ, ಕಂಕುಳಲ್ಲಿ.
‘ದುಡ್ಡು ಮುಂದಿನ ತಿಂಗಳು ತಾಯಿ.’

ನಾನು ಓದುವವಳಲ್ಲ, ಹೊಲಿಯುವವಳು.
ಪುಸ್ತಕದ ಕಷ್ಟಸುಖ ನನಗೆ ಬೆನ್ನಿನಿಂದ ಗೊತ್ತು:
ಎಲ್ಲಿ ಬೆವರಿದ್ದಾರೆ, ಎಲ್ಲಿ ನಿದ್ದೆಹೋಗಿದ್ದಾರೆ,
ಎಲ್ಲಿ ಬಾಯ ತುಂಬ ಎಲೆಯಡಿಕೆ ಇಟ್ಟುಕೊಂಡು ನಕ್ಕಿದ್ದಾರೆ.

ಬಂಗಲೆಯ ಪ್ರತಿಯನ್ನು
ನಲವತ್ತನೆಯ ಪುಟದವರೆಗೆ ಚಾಕುವಿನಿಂದ ಬಿಡಿಸಿದ್ದರು.
ಆಮೇಲೆ ಹಾಳೆಗಳು ಅಂಚಿನಲ್ಲಿ ಜೋಡಿಯಾಗೇ ಉಳಿದಿದ್ದವು,
ಅಚ್ಚಿನಮನೆಯಿಂದ ಬಂದಂತೆ, ಎಪ್ಪತ್ತು ವರ್ಷ.
ಮುಷ್ಕರ ಒಳಗೇ ಇತ್ತು,
ಲಾಠಿ ಒಳಗೇ,
ಮಾಲೀಕನ ಮಗಳು ಬರೆದ ಪತ್ರವೂ ಒಳಗೇ.
ಆ ಮನೆಯಲ್ಲಿ ಇನ್ನೂ ಯಾರೂ ಯಾರನ್ನೂ ಹೊಡೆದಿರಲಿಲ್ಲ.

ವಾಚನಾಲಯದ್ದನ್ನು ಮೇಜಿನ ಮೇಲಿಟ್ಟರೆ
ತಾನಾಗೇ ಒಂದೇ ಕಡೆ ಬಾಯಿಬಿಡುತ್ತಿತ್ತು.
ಅಲ್ಲಿ ಹಾಳೆಯೇ ಇಲ್ಲ.
ಇನ್ನೂರ ಹನ್ನೊಂದು, ಹನ್ನೆರಡು,
ಯಾರಾದರೂ ಕಿತ್ತರೋ, ಸವೆದೇ ಹೋಯಿತೋ.
ಬದಲಿಗೆ ಹಾಜರಿ ಪುಸ್ತಕದ ಒಂದು ಹಾಳೆ,
ನೀಲಿ ಶಾಯಿಯ ಕೈಬರಹ,
ಗಂಜಿಯಲ್ಲಿ ಅಂಟಿಸಿದ್ದು.
ಅಕ್ಷರಗಳ ಅಡಿಯಲ್ಲಿ ಪೆನ್ಸಿಲಿನ ಮಸುಕು:
ಗೈರು, ಗೈರು, ಗೈರು, ಗೈರು.

ನನಗೆ ಹೊಳೆದದ್ದು ಕಳ್ಳಬುದ್ಧಿ, ಹೇಳಿಬಿಡುತ್ತೇನೆ.
ಬಂಗಲೆಯ ಹಾಳೆ ತೆಗೆದು ಇದಕ್ಕೆ ಹೊಲಿದರೆ
ಇದರ ಹೊಟ್ಟೆ ತುಂಬುತ್ತದೆ,
ಅದಕ್ಕೆ ಹಸಿವೇ ಗೊತ್ತಿಲ್ಲ.
ಮೂಳೆಯ ಪಟ್ಟಿ ಹಿಡಿದು ಮಡಿಕೆ ಸೀಳಿದೆ.
ಹೊಸ ಕಾಗದದ ವಾಸನೆ ಬಂತು,
ಎಪ್ಪತ್ತು ವರ್ಷ ಹಳೆಯ ಹೊಸತು.

ಆಗ ಓದಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು.

ಅಚ್ಚಿನಲ್ಲಿ: ಗೇಟಿನೆದುರು ಗುಂಪು. ಕುದುರೆ ಪೊಲೀಸರು.
ಒಬ್ಬ ಹೆಂಗಸು ಕೂಗಿದಳು.
ಸಂಜೆಯ ಹೊತ್ತಿಗೆ ಗುಂಪು ಚದುರಿತು.

ಕೈಬರಹದಲ್ಲಿ: ಗೇಟಿನೆದುರು ಗುಂಪು. ಕುದುರೆ ಪೊಲೀಸರು.
ನೂಲಿನ ಖಾತೆಯ ಹೊಂಬಾಳಮ್ಮ ಕೂಗಿದಳು.
ಸಂಜೆಯಾಯಿತು. ಯಾರೂ ಕದಲಲಿಲ್ಲ.
ಹೊಂಬಾಳಮ್ಮ ಮಡಿಲಿನಿಂದ ಹುರಿಗಡಲೆ ತೆಗೆದು
ಪಕ್ಕದವನಿಗೆ ಕೊಟ್ಟಳು, ಅವನು ಪಕ್ಕದವಳಿಗೆ.
ಕುದುರೆಯೊಂದು ಮೂತಿ ಚಾಚಿತು.

ಅಷ್ಟು ದೊಡ್ಡವರ ಕಥೆಯನ್ನು ಹೀಗೆ ಕೆಡಿಸುವುದೇ?
ಮರಿದೇವಯ್ಯನವರಿಗೆ ಫೋನ್ ಮಾಡಿದೆ.
‘ಅದೊಂದನ್ನ ಮುಟ್ಟಬೇಡಿ ತಾಯಿ.
ಬರೆದೋರು ಟೈಂಕೀಪರು.
ಅವತ್ತು ಅವರು ಗೇಟಿನ ಒಳಗಿದ್ರು.’
ಆಮೇಲೆ ಸ್ವಲ್ಪ ಹೊತ್ತು ಫೋನಿನಲ್ಲಿ
ಅವರ ಮನೆಯ ಕುಕ್ಕರ್ ಮಾತ್ರ ಕೂಗಿತು.

ಹಾಳೆ ಬದಲಿಸಲಿಲ್ಲ.
ಬಂಗಲೆಯ ಪ್ರತಿಯ ಮಿಕ್ಕ ಮಡಿಕೆಗಳನ್ನು ಮಾತ್ರ
ಒಂದೊಂದಾಗಿ ಸೀಳಿದೆ, ಕೊನೆಯವರೆಗೆ.
ಯಾರೂ ಹೇಳದ ಕೆಲಸ, ಬಿಲ್ಲಿಗೆ ಸೇರಿಸಲಾಗದ್ದು.
ರಾತ್ರಿ ಎರಡನ್ನೂ ಮುಖಕ್ಕೆ ಮುಖ ಮಾಡಿ
ಒಂದೇ ತಿರುಪಿನ ಅಡಿ ಬಿಗಿದಿಟ್ಟೆ.
ದೊಡ್ಡ ಅರ್ಥವೇನಿಲ್ಲ,
ಅಂಗಡಿಯಲ್ಲಿ ಇರುವುದೇ ಒಂದು ಒತ್ತುಯಂತ್ರ.

ಬೆಳಿಗ್ಗೆ ಬಂಗಲೆಯ ಡ್ರೈವರ್ ಜವರೇಶ ಬಂದ.
ರಸೀದಿ ಬರೆಯುವಷ್ಟರಲ್ಲಿ
ಬಾಗಿಲಿಗೆ ಒರಗಿ ಪುಸ್ತಕ ತೆರೆದ,
ನಾನು ರಾತ್ರಿಯೆಲ್ಲ ಕೈಯಾಡಿಸಿದ ಕಡೆಗೇ ತೆರೆಯಿತು.
ಕಾರು ದಾರಿಗಡ್ಡ ನಿಂತಿತ್ತು,
ಸೊಪ್ಪಿನ ಗಾಡಿಯವನು ಬೈಯುತ್ತಿದ್ದ,
ಅವನ ಜೇಬಿನಲ್ಲಿ ಬಂಗಲೆಯ ಫೋನು
ಗುಂಯ್ಗುಟ್ಟಿ ಗುಂಯ್ಗುಟ್ಟಿ ಸುಮ್ಮನಾಯಿತು.
‘ಅಕ್ಕಾ’ ಅಂದ, ಪುಟದಿಂದ ಕಣ್ಣೆತ್ತದೆ,
‘ಈ ಹೆಂಗಸಿಗೆ ಹೆಸರಿಲ್ವಾ?’